ಎನ್‌ಏಟ್‌ಎನ್‌ಗೆ ನೋಡ್ ಬರೆದು ಪಬ್ಲಿಷ್ ಮಾಡೋರು ಮೊದಲು ಡಬ್ಬ ಬಿಚ್ಚಿ ನೋಡಿ

ಬುಧವಾರ ರಾತ್ರಿ ನನ್ನ ನೋಡ್ ಪಬ್ಲಿಷ್ ಮಾಡಿದೆ. ಶುಕ್ರವಾರ ಬೆಳಿಗ್ಗೆ ಮಂಡಿ ಅಣ್ಣನ ಫೋನು. "ಏನಪ್ಪಾ, ನಿನ್ನೆಯಿಂದ ಒಬ್ಬ ರೈತನಿಗೂ ಮೆಸೇಜ್ ಹೋಗಿಲ್ಲವಂತೆ. ಮುಳಬಾಗಿಲಿನವರು ಪಟ್ಟಿ ಕೇಳ್ಕೊಂಡು ಇಲ್ಲೇ ಬಂದು ಕೂತವ್ರೆ. ಸ್ವಲ್ಪ ನೋಡು."

ಕೋಲಾರದ ಎಪಿಎಂಸಿ ಟೊಮ್ಯಾಟೊ ಮಾರುಕಟ್ಟೆ ಗೊತ್ತಲ್ವಾ, 15 ಕೆಜಿ ಬಾಕ್ಸಿನ ಲೆಕ್ಕ. ಹರಾಜು ಮುಗಿದ ಮೇಲೆ ಮಂಡಿಯ ರೈಟರ್ ಗೂಗಲ್ ಶೀಟಿನಲ್ಲಿ ಬಾಕ್ಸ್ ಎಷ್ಟು, ರೇಟು ಎಷ್ಟು, ಬಾಡಿಗೆ, ಹಮಾಲಿ ಕಳೆದು ಕೈಗೆ ಎಷ್ಟು ಅಂತ ತುಂಬುತ್ತಾರೆ. ಸಾಲು ತುಂಬಿದ ತಕ್ಷಣ ರೈತನ ಫೋನಿಗೆ ಎಸ್‌ಎಂಎಸ್ ಹೋಗಬೇಕು. ಈ ಕೆಲಸಕ್ಕೆ ನಾನು ಎನ್‌ಏಟ್‌ಎನ್ ಹಾಕಿಕೊಟ್ಟಿದ್ದೆ. ಬೇರೆ ಬೇರೆ ಕೆಲಸಗಳನ್ನು ಜೋಡಿಸಿ ತಾನಾಗೇ ನಡೆಸುವ ಸಾಫ್ಟ್‌ವೇರ್ ಅದು, ಅದರಲ್ಲಿ ಒಂದೊಂದು ಹೆಜ್ಜೆಗೂ ನೋಡ್ ಅಂತಾರೆ. ಮಂಡಿಯ ಹಳೇ ಕಂಪ್ಯೂಟರಿನಲ್ಲೇ ಓಡುತ್ತಿತ್ತು.

ನಿಜ ಹೇಳಬೇಕಂದ್ರೆ ಅದಕ್ಕೆ ಬೇರೆ ನೋಡ್ ಬರೆಯುವ ಅಗತ್ಯವೇ ಇರಲಿಲ್ಲ. ಎನ್‌ಏಟ್‌ಎನ್‌ನಲ್ಲೇ ಇರುವ ಎಚ್‌ಟಿಟಿಪಿ ರಿಕ್ವೆಸ್ಟ್ ನೋಡ್ ಸಾಕಾಗಿತ್ತು. ನಾಲ್ಕು ತಿಂಗಳು ಅದರಲ್ಲೇ ನಡೆದಿತ್ತು ಕೂಡ. ಆದರೆ ಎಲ್ಲರೂ ಕೋಡ್ ಹಂಚಿಕೊಳ್ಳುವ ಎನ್‌ಪಿಎಂನಲ್ಲಿ ನನ್ನ ಹೆಸರಿನಲ್ಲೂ ಒಂದು ಪ್ಯಾಕೇಜ್ ಇರಲಿ ಅನ್ನೋ ಚಪಲ. ನಾಳೆ ಬೆಂಗಳೂರಿನಲ್ಲಿ ಇಂಟರ್‌ವ್ಯೂಗೆ ಹೋದರೆ ತೋರಿಸಬಹುದಲ್ವಾ.

ಎನ್‌ಏಟ್‌ಎನ್‌ನವರು ಕೊಡುವ ಸ್ಟಾರ್ಟರ್ ಅನ್ನೋ ಮಾದರಿ ಪ್ರಾಜೆಕ್ಟ್ ಇಟ್ಟುಕೊಂಡು ಶುರು ಮಾಡಿದೆ. ಹೆಸರು 'ಎನ್‌ಏಟ್‌ಎನ್-ನೋಡ್ಸ್' ಅಂತ ಶುರುವಾಗಬೇಕು, ಪ್ಯಾಕೇಜಿನ ವಿವರ ಬರೆಯುವ ಪ್ಯಾಕೇಜ್ ಜೇಸನ್ ಫೈಲಿನಲ್ಲಿ ಅವರು ಹೇಳಿದ ಕೀವರ್ಡ್ ಇರಬೇಕು. ಎಲ್ಲ ಸರಿಯಾಗಿಯೇ ಮಾಡಿದೆ. ಎಸ್‌ಎಂಎಸ್ ಕಂಪನಿ ಕೊಟ್ಟ ಎಪಿಐ ಕೀಗೆ, ಅಂದರೆ ನಮ್ಮ ಅಕೌಂಟಿನಿಂದ ಮೆಸೇಜ್ ಕಳಿಸೋಕೆ ಬೇಕಾದ ಗುಟ್ಟಿನ ಕೋಡಿಗೆ, ಕ್ರೆಡೆನ್ಶಿಯಲ್ ಫೈಲ್ ಬರೆದೆ. ಅಲ್ಲಿ ತುಂಬಿದ ಕೀಯನ್ನು ಎನ್‌ಏಟ್‌ಎನ್ ಎನ್‌ಕ್ರಿಪ್ಟ್ ಮಾಡಿ ಇಡುತ್ತದೆ. ಮುಂಬಾಗಿಲಿಗೆ ಬೀಗ ಗಟ್ಟಿಯಾಗಿಯೇ ಇತ್ತು. ಹಿತ್ತಲ ಬಾಗಿಲು ಮರೆತಿದ್ದೆ.

ಪದೇ ಪದೇ ಟೆಸ್ಟ್ ಮಾಡೋಕೆ ಒಂದು ಚಿಕ್ಕ ಸ್ಕ್ರಿಪ್ಟ್ ಇಟ್ಟುಕೊಂಡಿದ್ದೆ. ಅದಕ್ಕೆ ಬೇಕಾದ ಕೀ ಡಾಟ್ ಎನ್ವ್ ಫೈಲಿನಲ್ಲಿ ಇತ್ತು. ಬೇರೆ ಟೆಸ್ಟ್ ಕೀ ಅಲ್ಲ, ಮಂಡಿಯದೇ ಅಸಲಿ ಕೀ. ಹೊರಗೆ ಹೋಗಬಾರದ ಫೈಲ್‌ಗಳ ಪಟ್ಟಿ ಬರೆಯುವ ಗಿಟ್‌ಇಗ್ನೋರ್‌ನಲ್ಲಿ ಡಾಟ್ ಎನ್ವ್ ಇತ್ತು, ಹಾಗಾಗಿ ನೆಮ್ಮದಿಯಾಗಿದ್ದೆ.

ಎಡವಟ್ಟಾಗಿದ್ದು ಐಕಾನ್‌ನಿಂದ. ಬಿಲ್ಡ್ ಮಾಡಿ ನೋಡಿದರೆ ನೋಡ್‌ನ ಚಿತ್ರವೇ ಬರುತ್ತಿಲ್ಲ. ಕಾರಣ ಸಿಂಪಲ್. ನಾನು ಬರೀ ಟಿಎಸ್‌ಸಿ ಅನ್ನೋ ಕಮಾಂಡ್ ಓಡಿಸುತ್ತಿದ್ದೆ. ಅದು ಟೈಪ್‌ಸ್ಕ್ರಿಪ್ಟ್ ಕೋಡನ್ನು ಮಾತ್ರ ಡಿಸ್ಟ್ ಫೋಲ್ಡರಿಗೆ ಹಾಕುತ್ತದೆ, ಎಸ್‌ವಿಜಿ ಚಿತ್ರವನ್ನು ಮುಟ್ಟೋದಿಲ್ಲ. ಚಿತ್ರ ಕಾಪಿ ಮಾಡೋಕೆ ಸ್ಟಾರ್ಟರ್‌ನಲ್ಲೇ ಇನ್ನೊಂದು ಹೆಜ್ಜೆ ಇತ್ತು, ನಾನು ಬಿಟ್ಟಿದ್ದೆ. ಇದು ಆಗ ಹೊಳೆಯಲಿಲ್ಲ. ಪ್ಯಾಕೇಜ್ ಜೇಸನ್‌ನಲ್ಲಿ 'ಫೈಲ್ಸ್' ಅಂತ ಒಂದು ಸಾಲಿದೆ, ಡಿಸ್ಟ್ ಫೋಲ್ಡರ್ ಮಾತ್ರ ಹೊರಗೆ ಹೋಗಲಿ ಅನ್ನೋದಕ್ಕೆ. ತಪ್ಪು ಅದರದ್ದೇ ಅಂದುಕೊಂಡು ಆ ಸಾಲನ್ನು ತೆಗೆದೆ. ಬದಲಿಗೆ ಒಂದು ಎನ್‌ಪಿಎಂಇಗ್ನೋರ್ ಫೈಲ್ ಮಾಡಿ, ಬೇಡವಾದ ಎರಡು ಮೂರು ಫೋಲ್ಡರ್ ಹೆಸರು ಬರೆದೆ.

ಈಗ ಗಮನ ಕೊಟ್ಟು ಓದಿ. ಎನ್‌ಪಿಎಂಇಗ್ನೋರ್ ಇಲ್ಲದಿದ್ದರೆ ಎನ್‌ಪಿಎಂ ಗಿಟ್‌ಇಗ್ನೋರ್ ನೋಡುತ್ತದೆ. ಎನ್‌ಪಿಎಂಇಗ್ನೋರ್ ಇದ್ದರೆ ಅದೊಂದನ್ನೇ ನೋಡುತ್ತದೆ, ಗಿಟ್‌ಇಗ್ನೋರ್ ಕಡೆ ತಿರುಗಿಯೂ ನೋಡಲ್ಲ. ನನ್ನ ಹೊಸ ಫೈಲಿನಲ್ಲಿ ಡಾಟ್ ಎನ್ವ್ ಹೆಸರಿರಲಿಲ್ಲ. ಹೋಯಿತು. ಅದೂ ಕದ್ದುಮುಚ್ಚಿ ಹೋಗಲಿಲ್ಲ. ಪಬ್ಲಿಷ್ ಕೊಟ್ಟಾಗ ಯಾವ್ಯಾವ ಫೈಲ್ ಹೋಗುತ್ತಿದೆ ಅಂತ ಎನ್‌ಪಿಎಂ ಪರದೆ ಮೇಲೆ ಸಾಲುಸಾಲಾಗಿ ತೋರಿಸಿತ್ತು. ಮೇಲುಗಡೆಯೇ ಇತ್ತು, ಡಾಟ್ ಎನ್ವ್. ನಾನು ಕೆಳಗಿನ ಹಸಿರು ಸಾಲು ನೋಡಿ ಟೀ ಕುಡಿಯೋಕೆ ಎದ್ದೆ.

ಶುಕ್ರವಾರ ಎಸ್‌ಎಂಎಸ್ ಕಂಪನಿಯ ಪ್ಯಾನೆಲ್ ತೆರೆದರೆ ವಾಲೆಟ್ ಸೊನ್ನೆ. 11 ಸಾವಿರ ಚಿಲ್ಲರೆ ಇತ್ತು. ಲಾಗ್ ತುಂಬ ಯಾವ್ಯಾವುದೋ ದೇಶದ ನಂಬರ್‌ಗಳು. ಅಣ್ಣ ಹಿಂದೆ ನಿಂತು ನೋಡಿ, "ಇವರೆಲ್ಲ ಯಾವ ಊರಿನ ರೈತರಪ್ಪಾ?" ಅಂದರು. ತಮಾಷೆ ಮಾಡಿದ್ದಲ್ಲ, ನಿಜವಾಗಿ ಕೇಳಿದ್ದು.

ಕೀ ಕದ್ದರೂ ಏನೂ ಮಾಡೋಕಾಗಲ್ಲ ಅಂತ ನಾನು ಅಂದುಕೊಂಡಿದ್ದೆ. ಇಲ್ಲಿನ ನಂಬರ್‌ಗೆ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಅನ್ನೋ ವ್ಯವಸ್ಥೆಯಲ್ಲಿ ನೋಂದಾಯಿಸಿದ ಟೆಂಪ್ಲೇಟ್ ಇಲ್ಲದೆ ಮೆಸೇಜ್ ಹೋಗಲ್ಲ ಅಲ್ವಾ. ಆದರೆ ಹೊರದೇಶದ ನಂಬರ್‌ಗೆ ಆ ತಡೆ ಇಲ್ಲ, ಮತ್ತೆ ನಮ್ಮ ಅಕೌಂಟಿನಲ್ಲಿ ವಿದೇಶಿ ಎಸ್‌ಎಂಎಸ್ ಆನ್ ಆಗಿಯೇ ಇತ್ತು. ಇದಕ್ಕೆ ಎಸ್‌ಎಂಎಸ್ ಪಂಪಿಂಗ್ ಅಂತಾರೆ. ದುಬಾರಿ ನಂಬರ್‌ಗಳಿಗೆ ಬೇರೆಯವರ ದುಡ್ಡಿನಲ್ಲಿ ರಾಶಿ ಮೆಸೇಜ್ ಕಳಿಸೋದು, ಆ ಕಡೆಯ ಆಪರೇಟರ್‌ಗೆ ಬರುವ ಹಣದಲ್ಲಿ ಪಾಲು ಹೊಡೆಯೋದು. ಮೆಸೇಜಿನಲ್ಲಿ ಏನಿದೆ ಅನ್ನೋದು ಅವರಿಗೆ ಮುಖ್ಯವೇ ಅಲ್ಲ.

ಮನೆಗೆ ಬಂದು ಪ್ಯಾಕೇಜ್ ಇಳಿಸಿ ಬಿಚ್ಚಿದಾಗ ವಿಷಯ ಗೊತ್ತಾಯಿತು. ಕೈ ನಡುಗಿತು. 2016ರಲ್ಲಿ ಲೆಫ್ಟ್-ಪ್ಯಾಡ್ ಅನ್ನುವ 11 ಸಾಲಿನ ಪ್ಯಾಕೇಜನ್ನು ಬರೆದವರೇ ತೆಗೆದುಹಾಕಿ, ಎಷ್ಟೋ ಪ್ರಾಜೆಕ್ಟ್‌ಗಳ ಬಿಲ್ಡ್ ನಿಂತುಹೋಗಿತ್ತು. ಅದಾದ ಮೇಲೆ ಎನ್‌ಪಿಎಂ ನಿಯಮ ಬಿಗಿ ಮಾಡಿದೆ. ಈಗ 72 ಗಂಟೆಯೊಳಗಾದರೆ, ಬೇರೆ ಪ್ಯಾಕೇಜ್ ಅದನ್ನು ಬಳಸದೇ ಇದ್ದರೆ, ತೆಗೆಯಬಹುದು. ಆಮೇಲೆ ಷರತ್ತು ಜಾಸ್ತಿ. ನನಗಿನ್ನೂ ಸಮಯ ಇತ್ತು. ಅನ್‌ಪಬ್ಲಿಷ್ ಕೊಟ್ಟೆ, ಪುಟ ಮಾಯವಾಯಿತು. ಉಸಿರು ಬಿಟ್ಟೆ. ಕೈಯಿಂದ 5 ಸಾವಿರ ಹಾಕಿ ವಾಲೆಟ್ ತುಂಬಿಸಿ, "ಸರಿ ಹೋಯ್ತಣ್ಣ" ಅಂತ ಫೋನ್ ಮಾಡಿದೆ.

ಸಂಜೆ ಹೊತ್ತಿಗೆ ಮತ್ತೆ ಸೊನ್ನೆ.

ನನ್ನ ದಡ್ಡತನ ಇಲ್ಲೇ ಇದ್ದದ್ದು. ಅಂಗಡಿಯಿಂದ ಡಬ್ಬ ವಾಪಸ್ ತಂದೆ, ಒಳಗಿದ್ದ ಚೀಟಿ ಓದಿಕೊಂಡವರನ್ನು ಏನು ಮಾಡಲಿ? ಎನ್‌ಪಿಎಂಗೆ ಹೊಸದಾಗಿ ಬರೋದನ್ನೆಲ್ಲ ಆಗಿಂದಾಗ್ಗೆ ಇಳಿಸಿಕೊಳ್ಳುವ ಮಿರರ್‌ಗಳಿವೆ, ಕೀ ಹುಡುಕೋಕೇ ಬಿಟ್ಟಿರುವ ಬಾಟ್‌ಗಳಿವೆ. ತಂಗಿಗೆ ಹೇಳಿದೆ, ಅವಳು ಇದೇ ಲೈನಿನಲ್ಲಿ ಕೆಲಸ ಮಾಡ್ತಾಳೆ. ಪೂರ್ತಿ ಕೇಳಲೂ ಇಲ್ಲ. "ಕೀ ಬದಲಾಯಿಸಿದ್ಯಾ ಅಣ್ಣ?" ಅಂದಳು. ಪ್ಯಾನೆಲ್‌ನಲ್ಲಿ ಅದಕ್ಕೆ ಒಂದು ಬಟನ್ ಇತ್ತು. ಅರ್ಧ ನಿಮಿಷದ ಕೆಲಸ. ಬೆಳಿಗ್ಗೆ ಮೊದಲು ಅದನ್ನೇ ಒತ್ತಿ, ಅನ್‌ಪಬ್ಲಿಷ್ ಆಮೇಲೆ ಮಾಡಿದ್ದರೆ ಕೈಯಿಂದ ಹಾಕಿದ ಆ 5 ಸಾವಿರ ಉಳಿಯುತ್ತಿತ್ತು. ವಿದೇಶಿ ಎಸ್‌ಎಂಎಸ್ ಆಫ್ ಮಾಡುವ ಬಟನ್ ಕೂಡ ಅದರ ಕೆಳಗೇ ಇತ್ತು.

ನೀವು ನೋಡ್ ಬರೆದು ಹಾಕುವವರಾದರೆ ಪಬ್ಲಿಷ್‌ಗೆ ಮೊದಲು 'ಎನ್‌ಪಿಎಂ ಪ್ಯಾಕ್ --ಡ್ರೈ-ರನ್' ಓಡಿಸಿ. ಏನೇನು ಹೋಗುತ್ತೆ ಅಂತ ಪಟ್ಟಿ ಕೊಡುತ್ತೆ, ಏನನ್ನೂ ಕಳಿಸಲ್ಲ. ಬೆರಳಿಟ್ಟು ಒಂದೊಂದೇ ಸಾಲು ಓದಿ. 'ಫೈಲ್ಸ್' ಸಾಲನ್ನು ಮುಟ್ಟಬೇಡಿ. ಇಂಥವು ಬೇಡ ಅಂತ ಬರೆಯೋದಕ್ಕಿಂತ ಇಷ್ಟೇ ಹೋಗಲಿ ಅಂತ ಬರೆಯೋದು ಯಾವಾಗಲೂ ಕ್ಷೇಮ. ಟೆಸ್ಟ್‌ಗೆ ಗಿರಾಕಿಯ ಕೀ ಅಂತೂ ಬೇಡವೇ ಬೇಡ. ಇನ್ನು ನಿಮ್ಮ ಒಬ್ಬ ಗಿರಾಕಿಗೆ ಮಾತ್ರ ಬೇಕಾದ ನೋಡ್ ಆಗಿದ್ದರೆ ಎನ್‌ಪಿಎಂಗೆ ಯಾಕೆ ಹಾಕ್ತೀರಾ? ನಿಮ್ಮದೇ ಮಷೀನಿನಲ್ಲಿ ಎನ್‌ಏಟ್‌ಎನ್ ಓಡ್ತಿದ್ದರೆ ಅದರ ಫೋಲ್ಡರ್ ಒಳಗೆ 'ಕಸ್ಟಮ್' ಅಂತ ಇನ್ನೊಂದು ಫೋಲ್ಡರ್ ಮಾಡಿ ಅಲ್ಲಿಟ್ಟರೆ ಸಾಕು, ಎತ್ತಿಕೊಳ್ಳುತ್ತೆ.

ಈಗ ನನ್ನ ನೋಡ್ ಅಲ್ಲೇ ಇದೆ, ಐಕಾನ್ ಸಮೇತ. ಮಂಡಿ ಅಣ್ಣ ನನ್ನನ್ನು ಕೆಲಸದಿಂದ ಬಿಡಿಸಲಿಲ್ಲ. 11 ಸಾವಿರವನ್ನು ತಿಂಗಳ ದುಡ್ಡಿನಲ್ಲಿ ಮೂರು ಕಂತಾಗಿ ಹಿಡಿದುಕೊಂಡರು, ಅಷ್ಟೇ. ರೈಟರ್ ಮಾತ್ರ ಈಗಲೂ ಬೆಳಿಗ್ಗೆ ಹರಾಜಿಗೆ ಮೊದಲು ವಾಲೆಟ್ ತೆರೆದು, ಬ್ಯಾಲೆನ್ಸ್ ಎಷ್ಟಿದೆ ಅಂತ ಪುಸ್ತಕದಲ್ಲಿ ಪೆನ್ನಿನಿಂದ ಬರೆದುಕೊಳ್ಳುತ್ತಾರೆ.