ಬೆಳಗಾವಿಯ ದ್ರಾಕ್ಷಾರಸ ಉತ್ಸವ: ಮನೆಮಂದಿ ಜೊತೆ ಹೋಗುವವರು ಸಂಜೆಯನ್ನೇ ಆರಿಸಿಕೊಳ್ಳಿ

ರಜೆಗೆಂದು ಬೆಳಗಾವಿಗೆ ಬಂದವರು ಕಿತ್ತೂರು ಕೋಟೆ, ಗೋಕಾಕ ಜಲಪಾತದ ಜೊತೆಗೆ ದ್ರಾಕ್ಷಾರಸ ಉತ್ಸವವನ್ನೂ, ಅಂದರೆ ವೈನ್ ಮೇಳವನ್ನೂ, ಸೇರಿಸಿಕೊಳ್ಳಬಹುದೇ, ಮಕ್ಕಳನ್ನು ಕರೆದೊಯ್ಯಬಹುದೇ ಎಂದು ಕೇಳುವುದುಂಟು. ಧಾರಾಳವಾಗಿ ಕರೆದೊಯ್ಯಿರಿ. ಟಿಳಕವಾಡಿಯ ಮಿಲೇನಿಯಂ ಗಾರ್ಡನ್‌ನಂಥ ತೆರೆದ ಜಾಗದಲ್ಲಿ ನಡೆಯುವ ಈ ಮೇಳಕ್ಕೆ ಬಾರಿನ ವಾತಾವರಣ ಇರುವುದಿಲ್ಲ. ವೈನ್ ಬಾಟಲಿಗಳ ಪಕ್ಕದಲ್ಲೇ ಒಣದ್ರಾಕ್ಷಿ, ತಾಜಾ ರಸ, ತಿಂಡಿ. ರುಚಿ ಕೆಡಿಸುವ ದೊಡ್ಡ ಶತ್ರು ಒಂದೇ, ಬಿಸಿಲು. ತೆರೆದ ಬಯಲಿನ ಮೇಳದ ಗುಣದೋಷವೆಲ್ಲ ಅದರ ಸುತ್ತಲೇ ತಿರುಗುತ್ತದೆ, ಅದಕ್ಕೇ ಸಂಜೆ ಹೋಗಿ ಎನ್ನುವುದು.

ಬಿಳಿ ವೈನ್ 8ರಿಂದ 12 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕೆಂಪು ವೈನ್ 16ರಿಂದ 18ರಲ್ಲಿ ಚೆಂದ. ಮಧ್ಯಾಹ್ನ ಶಾಮಿಯಾನದ ಕೆಳಗೆ ಮೇಜಿನ ಮೇಲಿಟ್ಟ ಬಾಟಲಿ 28–30 ಡಿಗ್ರಿಗೆ ಸುಲಭವಾಗಿ ಏರುತ್ತದೆ. ಆಗ ಹಣ್ಣಿನ ಪರಿಮಳ ಮುಚ್ಚಿಹೋಗಿ ಮೂಗಿಗೆ ಮದ್ಯಸಾರವಷ್ಟೇ ಹೊಡೆಯುತ್ತದೆ, ಬಿಳಿ ವೈನಿನ ಹುಳಿ ಸಪ್ಪೆಯಾಗುತ್ತದೆ. ‘ನಮ್ಮ ಕಡೆಯ ವೈನ್ ಅಷ್ಟಕ್ಕಷ್ಟೇ’ ಎಂದು ಮೂಗು ಮುರಿಯುವವರಲ್ಲಿ ಬಹಳಷ್ಟು ಮಂದಿ ಕುಡಿದಿರುವುದು ಬಿಸಿಯೇರಿದ ವೈನನ್ನು. ಒಳ್ಳೆಯ ಮಳಿಗೆಯನ್ನು ಗುರುತಿಸುವುದು ಕಷ್ಟವಲ್ಲ: ಬಕೆಟ್‌ನಲ್ಲಿ ಮಂಜುಗಡ್ಡೆಯ ಜೊತೆ ನೀರೂ ಇರುತ್ತದೆ. ಬರೀ ಮಂಜುಗಡ್ಡೆಯ ಚೂರುಗಳ ನಡುವೆ ಗಾಳಿ ಉಳಿದು ಬಾಟಲಿ ತಂಪಾಗಲು ತಡವಾಗುತ್ತದೆ. ಅರ್ಧಕ್ಕರ್ಧ ನೀರು ಸೇರಿಸಿದರೆ 20 ನಿಮಿಷದ ಆಸುಪಾಸಿನಲ್ಲಿ ಕೆಲಸ ಮುಗಿಯುತ್ತದೆ. ಗ್ಲಾಸಿಗೇ ಐಸ್ ಹಾಕಿಕೊಡಲು ಬಂದರೆ ಬೇಡವೆನ್ನಿ, ವೈನ್ ನೀರಾಗುತ್ತದೆ.

ಬೆಳಗ್ಗೆ ತೆರೆದ ಬಾಟಲಿಯನ್ನೇ ಸಂಜೆವರೆಗೆ ಸುರಿಯುವುದು ಇನ್ನೊಂದು ತೊಂದರೆ. ಕೊಯ್ದಿಟ್ಟು ಕಂದಿದ ಸೇಬಿನ ವಾಸನೆ ಬಂದರೆ ಅದು ಗಾಳಿಗೆ ಹಾಳಾಗಿದೆ, ಉಗುರುಬಣ್ಣ ತೆಗೆಯುವ ದ್ರವದ ವಾಸನೆ ಬಂದರೆ ವಿನೆಗರ್ ದಾರಿ ಹಿಡಿದಿದೆ. ಒದ್ದೆ ರಟ್ಟಿನ ವಾಸನೆಯಾದರೆ ಕಾರ್ಕ್‌ನ ದೋಷ. ಮೂರರಲ್ಲಿ ಯಾವುದಿದ್ದರೂ ಹೊಸ ಬಾಟಲಿ ತೆರೆಯಲು ಕೇಳಿ. ಸಂಕೋಚ ಬೇಡ, ಅನುಭವಿ ಮಳಿಗೆಯವರು ತಾವೇ ಮೂಸಿ ಬದಲಿಸುತ್ತಾರೆ. ಪ್ಲಾಸ್ಟಿಕ್ ಕಪ್‌ನಲ್ಲಿ ಪರಿಮಳ ನಿಲ್ಲುವುದಿಲ್ಲ. ಬಾಯಿ ಕಿರಿದಾದ ಕಾಲುಳ್ಳ ಗ್ಲಾಸೊಂದನ್ನು ಟವೆಲ್‌ನಲ್ಲಿ ಸುತ್ತಿ ತಂದರೆ ಅರ್ಧ ಕೆಲಸ ಆದಂತೆ.

ಒಂದು ರುಚಿಗೆ 30 ಮಿಲಿ ಸಾಕು. ಐದು ರುಚಿ ನೋಡಿದರೆ 150 ಮಿಲಿ, ಅಂದರೆ ಪೂರ್ತಿ ಒಂದು ಗ್ಲಾಸ್. ಶೆನಿನ್ ಬ್ಲಾಂಕ್, ಸೋವಿನ್ಯೋನ್ ಬ್ಲಾಂಕ್‌ನಂಥ ಬಿಳಿ ವೈನ್‌ನಿಂದ ಶುರುಮಾಡಿ, ಗುಲಾಬಿ ಬಣ್ಣದ ರೋಸೆ ದಾಟಿ, ಶಿರಾಜ್, ಕ್ಯಾಬರ್ನೆ ಸೋವಿನ್ಯೋನ್‌ನಂಥ ಕೆಂಪಿಗೆ ಬನ್ನಿ, ಸಿಹಿ ವೈನ್ ಕೊನೆಗೆ. ತಲೆಕೆಳಗಾದರೆ ಕೆಂಪಿನ ಒಗರು ನಾಲಿಗೆಯ ಮೇಲೆ ಕುಳಿತು ಬಿಳಿಯ ಸೂಕ್ಷ್ಮವೇನೂ ತಿಳಿಯುವುದಿಲ್ಲ. ಪಕ್ಕದ ಮಳಿಗೆಯ ಮಿರ್ಚಿ ಭಜಿಯನ್ನೂ ರುಚಿ ನೋಡಿ ಮುಗಿಸಿದ ಮೇಲೆಯೇ ತಿನ್ನಿ. ಖಾರದ ಬಾಯಿಗೆ ಮದ್ಯಸಾರ ಇನ್ನಷ್ಟು ಉರಿ.

ಇನ್ನು ಚೀಸ್. ನಮ್ಮ ಕಡೆಯ ಇಂಥ ಮೇಳಗಳಲ್ಲಿ ತೀರಾ ಸೊರಗಿರುವ ವಿಭಾಗ ಇದೇ, ಬದಲಾಗಲೇಬೇಕು. ಬಿಸಿಲಿಗೆ ಚೀಸ್‌ನ ಮೈಮೇಲೆ ಜಿಡ್ಡಿನ ಬೆವರು ಮೂಡಿದ್ದರೆ ಕೊಳ್ಳಬೇಡಿ: ಕೊಬ್ಬು ಬೇರ್ಪಟ್ಟ ಚೀಸ್ ಮತ್ತೆ ತಂಪು ಮಾಡಿದರೂ ರಬ್ಬರ್‌ನಂತೆಯೇ ಉಳಿಯುತ್ತದೆ. ಬ್ರೀಯಂಥ ಮೃದು ಚೀಸ್ ಎರಡು ಗಂಟೆಗಿಂತ ಹೆಚ್ಚು ಹೊರಗಿದ್ದರೆ ಮಕ್ಕಳಿಗೂ ಗರ್ಭಿಣಿಯರಿಗೂ ಬೇಡವೇ ಬೇಡ. ಒಬ್ಬರಿಗೆ ಒಂದು ಬಗೆಯಲ್ಲಿ 25 ಗ್ರಾಂ, ಒಟ್ಟು ಮೂರು ಬಗೆ ಸಾಕು. ಹಳೆಯ ಗೌಡಾ ಅಥವಾ ಚೆಡ್ಡಾರ್‌ನಂಥ ಗಟ್ಟಿ ಚೀಸ್‌ಗೆ ಶಿರಾಜ್ ಹೊಂದುತ್ತದೆ, ಮೇಕೆಹಾಲಿನ ಚೀಸ್‌ಗೆ ಸೋವಿನ್ಯೋನ್ ಬ್ಲಾಂಕ್. ಒಗರಿನ ಕೆಂಪು ವೈನ್ ಬ್ರೀಯೊಂದಿಗೆ ಸೇರಿದರೆ ಬಾಯಲ್ಲಿ ಲೋಹದಂಥ ಕಹಿ ಉಳಿಯುತ್ತದೆ. ಬಿಸ್ಕತ್ತಿಗಿಂತ ನಮ್ಮ ಖಡಕ್ ಜೋಳದ ರೊಟ್ಟಿಯ ಚೂರು ಎಷ್ಟೋ ಮೇಲು: ಉಪ್ಪು ಕಡಿಮೆ, ಬೆಣ್ಣೆ ಇಲ್ಲ, ಚೀಸ್‌ನ ರುಚಿಗೆ ಅಡ್ಡ ಬರುವುದಿಲ್ಲ. ಬೆಳಗಾವಿ ಕುಂದಾ ಜೊತೆ ಸಿಹಿಯಿಲ್ಲದ ವೈನ್ ಬರೀ ಹುಳಿ ಎನಿಸುತ್ತದೆ. ಕುಂದಾಕ್ಕೂ ಗೋಕಾಕ ಕರದಂಟಿಗೂ ಪೋರ್ಟ್ ಬಗೆಯ ಸಿಹಿ ವೈನೇ ಸರಿ.

ಕಟ್ಟಾ ಸಸ್ಯಾಹಾರಿ ಮನೆಯವರು ಒಂದು ವಿಷಯ ವಿಚಾರಿಸಲೇಬೇಕು. ಚೀಸ್‌ಗೆ ಹಾಲನ್ನು ಹೆಪ್ಪುಗಟ್ಟಿಸುವ ರೆನೆಟ್ ಕೆಲವು ಬಗೆಗಳಲ್ಲಿ ಕರುವಿನ ಹೊಟ್ಟೆಯಿಂದ ಬಂದಿರುತ್ತದೆ. ಇಟಲಿಯ ಅಸಲಿ ಪಾರ್ಮಿಜಾನೊ ಅಂಥದ್ದೇ. ಕತ್ತರಿಸಿಟ್ಟ ತುಂಡಿನ ಮೇಲೆ ಚಿಹ್ನೆ ಇರುವುದಿಲ್ಲವಾದ್ದರಿಂದ ಮೂಲ ಪೊಟ್ಟಣ ತೋರಿಸಲು ಕೇಳಿ ಹಸಿರು ಚುಕ್ಕೆ ನೋಡಿಕೊಳ್ಳಿ. ವೈನನ್ನು ತಿಳಿಗೊಳಿಸಲು ಕೆಲವರು ಮೊಟ್ಟೆಯ ಬಿಳಿ, ಮೀನಿನ ಗಾಳಿಚೀಲದ ಅಂಟು ಬಳಸುತ್ತಾರೆ, ಕೆಲವರು ಬೆಂಟೋನೈಟ್ ಜೇಡಿ. ಇದನ್ನೂ ಕೇಳಬಹುದು.

ದ್ರಾಕ್ಷಿ ತುಳಿಯುವ ತೊಟ್ಟಿ ಇದ್ದರೆ ಮಕ್ಕಳು ಅಲ್ಲಿಂದ ಕದಲುವುದಿಲ್ಲ. ಕಾಲಲ್ಲಿ ಗಾಯವಿದ್ದರೆ ಇಳಿಸಬೇಡಿ, ಹುಳಿರಸ ಉರಿಯುತ್ತದೆ. ಬಟ್ಟೆಗೆ ಕಪ್ಪು ದ್ರಾಕ್ಷಿಯ ಕಲೆಯಾದರೆ ತಕ್ಷಣ ಸೋಪು ಹಚ್ಚಬಾರದು. ಸೋಪಿನ ಕ್ಷಾರಕ್ಕೆ ಆ ಬಣ್ಣ ನೀಲಿಗೆ ತಿರುಗುತ್ತದೆ. ಮೊದಲು ತಣ್ಣೀರು, ನಂತರ ಲಿಂಬೆರಸ, ಆಮೇಲೆ ಸೋಪು. ತಾಜಾ ರಸವನ್ನು ಕಣ್ಣೆದುರಿಗೇ ಹಿಂಡಿಸಿ. ಕ್ಯಾನ್‌ನಲ್ಲಿ ಮಧ್ಯಾಹ್ನದಿಂದ ಇಟ್ಟ ರಸದಲ್ಲಿ ಗುಳ್ಳೆ ಏಳುತ್ತಿದ್ದರೆ ಹುದುಗು ಶುರುವಾಗಿದೆ ಎಂದೇ ಅರ್ಥ.

ಮೇಳದಿಂದ ಮನೆಗೆ ಒಯ್ಯಲು ನಮ್ಮ ಮೊದಲ ಆಯ್ಕೆ ವಿಜಯಪುರದ ಒಣದ್ರಾಕ್ಷಿ. ರಾಜ್ಯದಲ್ಲಿ ಅತಿ ಹೆಚ್ಚು ದ್ರಾಕ್ಷಿ ಬೆಳೆಯುವ ಜಿಲ್ಲೆ ಅದು, ಮಾಲು ಬೆಳೆಗಾರರ ಕೈಯಿಂದಲೇ ಸಿಗುತ್ತದೆ. ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿಗೆ ಒಂದು ಕಿಲೋ ಒಣಗಿದ್ದು. ಆ ಲೆಕ್ಕದಲ್ಲಿ ತೀರಾ ಅಗ್ಗ ಕಂಡರೆ ಎಚ್ಚರ. ಮುಷ್ಟಿಯಲ್ಲಿ ಹಿಸುಕಿ ಬಿಟ್ಟಾಗ ಕಾಳು ಬಿಡಿಬಿಡಿಯಾಗಬೇಕು, ತೊಟ್ಟು ಇರಬಾರದು. ಹೊಳೆಯುವ ಹಳದಿ ಬಣ್ಣಕ್ಕೆ ಗಂಧಕದ ಹೊಗೆ ಕಾರಣವಿರಬಹುದು. ಚೀಲ ಬಿಚ್ಚಿದಾಗ ಮೂಗು ಚುರುಗುಟ್ಟಿದರೆ, ಮನೆಯಲ್ಲಿ ಉಬ್ಬಸದವರಿದ್ದರೆ, ಕಂದು ಬಣ್ಣದ್ದನ್ನೇ ಆರಿಸಿ.

ಅಬಕಾರಿ ನಿಯಮದ ಪ್ರಕಾರ 21 ತುಂಬದವರಿಗೆ ವೈನ್ ಮಾರುವಂತಿಲ್ಲ, ಗುರುತಿನ ಚೀಟಿ ಜೇಬಿನಲ್ಲಿರಲಿ. ವಾಹನ ಓಡಿಸುವವರ ರಕ್ತದಲ್ಲಿ ಮದ್ಯಸಾರ 100 ಮಿಲಿಗೆ 30 ಮಿಲಿಗ್ರಾಂ ಮೀರಿದರೆ ಅಪರಾಧ, ಆದ್ದರಿಂದ ಕಾರು ನಡೆಸುವವರು ರಸ ಕುಡಿಯಲಿ. ಬಾಟಲಿ ಖರೀದಿ ಎಲ್ಲಕ್ಕಿಂತ ಕೊನೆಗೆ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬಿಟ್ಟರೆ ಒಳಗಿನ ದ್ರವ ಹಿಗ್ಗಿ ಕಾರ್ಕ್ ಮೇಲೇಳುತ್ತದೆ, ವೈನ್ ಬೆಂದಂತಾಗುತ್ತದೆ. ಗೋವಾ ಅಥವಾ ಮಹಾರಾಷ್ಟ್ರದ ಕಡೆ ಮರಳುವವರು ಬಿಲ್ಲನ್ನು ಬಾಟಲಿಯ ಜೊತೆಗೇ ಇಟ್ಟುಕೊಂಡು, ಆ ರಾಜ್ಯದ ಅಬಕಾರಿ ಮಿತಿ ಎಷ್ಟೆಂದು ಹೊರಡುವ ಮೊದಲೇ ವಿಚಾರಿಸಿಕೊಳ್ಳಿ.