ಹಳೆಯ ಹೆಂಚಿನ ಮನೆಯ ಹಿಂಜಗಲಿಗೆ ಯುಪಿವಿಸಿ ಬಾಗಿಲು

ಮಂಗಳೂರಿನ ನಮ್ಮ ಹೆಂಚಿನ ಮನೆಯಲ್ಲಿ ಹಿಂಜಗಲಿಗೆ ತೆರೆದುಕೊಳ್ಳುವ ಜೋಡಿ ಕದಗಳ ಬುಡವನ್ನು ಗೆದ್ದಲು ತಿಂದು, ದಾರಂದವೂ ಟೊಳ್ಳಾಗಿದ್ದರಿಂದ ಹೊಸ ಬಾಗಿಲು ಅನಿವಾರ್ಯವಾಯಿತು. ತೇಗ, ಪೌಡರ್ ಕೋಟಿಂಗ್ ಮಾಡಿದ ಅಲ್ಯೂಮಿನಿಯಂ ಮತ್ತು ಯುಪಿವಿಸಿ (ಗಟ್ಟಿ ಬಗೆಯ ಪಿವಿಸಿ ಪ್ಲಾಸ್ಟಿಕ್) ಮೂರನ್ನೂ ಪರಿಶೀಲಿಸಿ, ಯುಪಿವಿಸಿಯಲ್ಲಿ ಹೊರಕ್ಕೆ ತೆರೆಯುವ ಎರಡು ಗಾಜಿನ ಕದಗಳನ್ನು ಆರಿಸಿಕೊಂಡೆವು. ಒಂದು ಮಳೆಗಾಲ ಪೂರ್ತಿ ಕಳೆದಿದೆ. ಒಂದು ಹನಿಯೂ ಒಳಗೆ ಬಂದಿಲ್ಲ.

ಅಂಗಡಿಗಳಲ್ಲಿ ಮೊದಲು ತೋರಿಸುವುದು ಸ್ಲೈಡಿಂಗ್ ಬಾಗಿಲನ್ನೇ. ಅದು ಜಾಗ ಉಳಿಸುತ್ತದೆ ನಿಜ, ಆದರೆ ಎರಡು ಟ್ರ್ಯಾಕಿನ ಬಾಗಿಲಿನಲ್ಲಿ ಅರ್ಧ ದಾರಿ ಮಾತ್ರ ತೆರೆಯುತ್ತದೆ. ಕದ ಸರಿದಾಡಬೇಕಾದ್ದರಿಂದ ಸಾಮಾನ್ಯವಾಗಿ ಅದರ ಅಂಚಿಗೆ ಬ್ರಶ್‌ನಂಥ ಪಟ್ಟಿ ಇರುತ್ತದೆಯೇ ಹೊರತು ಸಂದಿ ಮುಚ್ಚುವ ರಬ್ಬರ್ ಗ್ಯಾಸ್ಕೆಟ್ ಒತ್ತಿ ಕೂರುವುದಿಲ್ಲ. ಜೂನ್, ಜುಲೈನಲ್ಲಿ ಪಡುವಣ ಗಾಳಿ ಮಳೆಯನ್ನು ಅಡ್ಡಡ್ಡಲಾಗಿ ಎರಚುವ ಊರಿನಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ. ಟ್ರ್ಯಾಕಿನ ನೀರು ಹೊರಹೋಗುವ ತೂತುಗಳು ತರಗೆಲೆಯಿಂದ ಕಟ್ಟಿಕೊಂಡರೆ ನೀರು ಒಳಕ್ಕೇ ಹರಿಯುತ್ತದೆ. ಬಿಜಾಗರಿಯ ಮೇಲೆ ತಿರುಗುವ ಬಾಗಿಲಿನಲ್ಲಾದರೋ, ಹಿಡಿ ತಿರುಗಿಸಿದೊಡನೆ ಮೇಲೆ, ನಡುವೆ, ಕೆಳಗೆ ಒಟ್ಟಿಗೆ ಬೀಳುವ ಚಿಲಕಗಳು ಕದವನ್ನು ಗ್ಯಾಸ್ಕೆಟ್ಟಿಗೆ ಬಿಗಿಯಾಗಿ ಎಳೆದು ನಿಲ್ಲಿಸುತ್ತವೆ.

ಹಳೆಯ ಮನೆಯಲ್ಲಿ ಬಾಗಿಲಿನ ಕಂಪನಿಗಿಂತ ಅಳತೆ ಹಿಡಿಯುವವರನ್ನು ನೋಡಿ ಆರಿಸಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಮೊದಲು ಬಂದವರು ನಡುವಿನಲ್ಲಿ ಒಂದೇ ಅಳತೆ ಹಿಡಿದು ದರ ಹೇಳಿದರು. ಅವರಿಗೆ ಕೆಲಸ ಕೊಡಲಿಲ್ಲ. ಕೆಲಸ ಮಾಡಿದವರು ಅಗಲವನ್ನೂ ಎತ್ತರವನ್ನೂ ಮೂರು ಮೂರು ಕಡೆ ಅಳೆದು, ಮೂಲೆಯಿಂದ ಮೂಲೆಗೆ ಟೇಪು ಹಿಡಿದಾಗ ಎರಡು ಕರ್ಣಗಳ ನಡುವೆ 18 ಮಿ.ಮೀ. ಅಂತರ ಕಂಡಿತು, ಅಂದರೆ ಬಾಗಿಲಿನ ಕಂಡಿ ಓರೆಯಾಗಿತ್ತು. ಟಫನ್ಡ್ ಗಾಜನ್ನು (ಕಾಯಿಸಿ ಗಟ್ಟಿಗೊಳಿಸಿದ ಗಾಜು) ತಯಾರಾದ ಮೇಲೆ ಕತ್ತರಿಸಲು ಬಾರದು. ಹೀಗಾಗಿ ಅತಿ ಚಿಕ್ಕ ಅಳತೆಯನ್ನೇ ಹಿಡಿದು, ಸುತ್ತಲೂ ಬಿಟ್ಟ ಸಂದಿಯನ್ನು ಫೋಮ್ ಮತ್ತು ಸಿಲಿಕೋನ್‌ನಿಂದ ತುಂಬಿದರು. ಕೆಂಪುಕಲ್ಲು ಅಂಚಿನಲ್ಲಿ ಉದುರುವುದರಿಂದ ಚೌಕಟ್ಟನ್ನು ಗೋಡೆಯ ದಪ್ಪದ ನಡುವಿಗೆ ಸರಿಸಿ ಉದ್ದನೆಯ ಆಂಕರ್ ಬೋಲ್ಟ್ ಹಾಕಿದರು. ಹೊಸಿಲಿನ ಬಳಿ ರೆಡ್ ಆಕ್ಸೈಡ್ ನೆಲವನ್ನು ಒಂದು ಚೂರೂ ಒಡೆಯದೆ ಕೆಲಸ ಮುಗಿಸಿದ್ದಕ್ಕೆ ನಾನು ಋಣಿ, ಏಕೆಂದರೆ ಹಳೆಯ ನೆಲದ ಆ ಬಣ್ಣಕ್ಕೆ ಹೊಂದುವ ತೇಪೆ ಹಾಕುವುದು ಬಹುತೇಕ ಆಗದ ಮಾತು.

ಕೊರತೆಗಳೂ ಇವೆ. ಚೌಕಟ್ಟು ನಡುವಿಗೆ ಸರಿದದ್ದರಿಂದ ಕದ ಗೋಡೆಗೆ ಪೂರ್ತಿ ಮಡಚಿಕೊಳ್ಳುವುದಿಲ್ಲ. ಯುಪಿವಿಸಿ ಪಟ್ಟಿ ಅಲ್ಯೂಮಿನಿಯಂಗಿಂತ ದಪ್ಪವಾದ್ದರಿಂದ ಗಾಜಿನ ಭಾಗ ಕಿರಿದಾಗುತ್ತದೆ. ಸೊಳ್ಳೆ ಜಾಲರಿಗೆ ಒಳಗಡೆ ಬೇರೆಯೇ ಕದ ಬೇಕು. ಬಿಜಾಗರಿಯ ಸ್ಕ್ರೂಗಳಲ್ಲಿ ಆಗಲೇ ತುಕ್ಕು ಕಾಣಿಸಿದೆ. ಕಡಲ ಉಪ್ಪುಗಾಳಿಗೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲನ್ನೇ ಕೇಳಿ ಬರೆಸಿಕೊಳ್ಳಬೇಕು. ಯುಪಿವಿಸಿ ಪಟ್ಟಿಯ ತುಂಡೊಂದನ್ನು ಕೈಗೆ ತೆಗೆದುಕೊಂಡು, ಒಳಗೆ ಬಲಕ್ಕೆಂದು ಗ್ಯಾಲ್ವನೈಸ್ ಮಾಡಿದ ಉಕ್ಕು ಇದೆಯೇ ಎಂಬುದನ್ನೂ ನೋಡಬೇಕು.

ತೇಗದ ದಾರಂದ ಇನ್ನೂ ಗಟ್ಟಿಯಿರುವ ಮನೆಯವರಿಗೆ ನಾನು ಇದನ್ನು ಸೂಚಿಸುವುದಿಲ್ಲ. ಅಂಥವರು ಕದಗಳನ್ನಷ್ಟೇ ಹೊಸದಾಗಿ ಮಾಡಿಸುವುದು ಲೇಸು. ಕೆಂಪುಕಲ್ಲಿನ ಗೋಡೆಯೊಳಗೆ ಹುಗಿದ ದಾರಂದವನ್ನು ಕೀಳುವಾಗ ಮೇಲಿನ ಒಂದೆರಡು ಕಲ್ಲು ಸಡಿಲವಾಗದಂತೆ ನೋಡಿಕೊಳ್ಳುವುದು ಬಹಳ ಕಷ್ಟ.