ರೂಟ್‌ಬರ್ನ್ ಚಾರಣಕ್ಕೆ ಏಜೆಂಟರ ಕೈಗೆ ಹಣ ಕೊಡುವ ಮುನ್ನ ಇದನ್ನು ಓದಿ

ನ್ಯೂಜಿಲೆಂಡಿನ ರೂಟ್‌ಬರ್ನ್ ಹಾದಿಯಲ್ಲಿ ಹಟ್‌ನಿಂದ ಹಟ್‌ಗೆ (ಚಾರಣಿಗರು ರಾತ್ರಿ ತಂಗುವ ಮನೆಗಳು) ನಡೆಯುವ ಯೋಚನೆ ಇದ್ದರೆ, ಅದರಲ್ಲೂ "ಎಲ್ಲ ನಾವೇ ನೋಡಿಕೊಳ್ಳುತ್ತೇವೆ" ಎನ್ನುವ ಏಜೆಂಟರ ಜೊತೆ ಮಾತುಕತೆ ನಡೆಯುತ್ತಿದ್ದರೆ, ದಯವಿಟ್ಟು ಹಣ ಕಳುಹಿಸುವುದನ್ನು ನಿಲ್ಲಿಸಿ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಹಿಂದಿನದು ಮುಂದೆ, ಮುಂದಿನದು ಹಿಂದೆ ಆಗಿರಬಹುದು.

ನಮಗೆ ಸಿಕ್ಕ ಏಜೆಂಟರು ಕನ್ನಡದವರೇ, ಮಾತು ಬಹಳ ನಯ. ಹೊರಟವರು ನಾನು, ತಮ್ಮ ಮತ್ತು ಅವನ ಹೆಂಡತಿ. ಹಾದಿ ತುಂಬಿ ತುಳುಕುವ ಡಿಸೆಂಬರ್ ಕೊನೆಯ ದಿನಗಳನ್ನು ಕೇಳಿದ್ದೆವು. "ಸೀಟು ಹಿಡಿದಿಟ್ಟಿದ್ದೇನೆ ಮೇಡಂ, ಇವತ್ತೇ ಪೂರ್ತಿ ಕೊಟ್ಟರೆ ಮಾತ್ರ ಉಳಿಯುತ್ತದೆ" ಎಂದರು. ಕೊಟ್ಟೆವು. ನಮ್ಮ ಹೆಸರುಗಳಿದ್ದ ಬಣ್ಣದ ಪಿಡಿಎಫ್ ಬಂತು, ನೆತ್ತಿಯ ಮೇಲೆ ಹಸಿರು ಅಕ್ಷರದಲ್ಲಿ "ಕನ್ಫರ್ಮ್ಡ್". ಮೊದಲ ರಾತ್ರಿ ರೂಟ್‌ಬರ್ನ್ ಫಾಲ್ಸ್ ಹಟ್, ಎರಡನೆಯದು ಲೇಕ್ ಮೆಕೆಂಜಿ ಹಟ್, ಮೂರನೆಯದು ಲೇಕ್ ಹೌಡನ್ ಹಟ್.

ಯಾವ ಹಟ್‌ನಲ್ಲಿ ಒಲೆ ಇದೆ, ನಾವು ಪಾತ್ರೆ ಹೊರಬೇಕೇ ಎಂದು ನೋಡಲು, ಹಟ್‌ಗಳನ್ನು ನಡೆಸುವ ಅಲ್ಲಿನ ಸಂರಕ್ಷಣಾ ಇಲಾಖೆಯ ಜಾಲತಾಣ ತೆರೆದೆ. ಫಾಲ್ಸ್ ಇದೆ, ಮೆಕೆಂಜಿ ಇದೆ, ರೂಟ್‌ಬರ್ನ್ ಫ್ಲಾಟ್ಸ್ ಎಂಬ ಇನ್ನೊಂದೂ ಇದೆ. ಹೌಡನ್ ಇಲ್ಲ. ಮೇಲಿನಿಂದ ಕೆಳಗಿನವರೆಗೆ ಮತ್ತೆ ಮತ್ತೆ ಹುಡುಕಿದೆ. ಆಮೇಲೆ ಗೊತ್ತಾಯಿತು: 2020ರ ಫೆಬ್ರುವರಿಯಲ್ಲಿ ಆ ಹಟ್ ಇದ್ದ ಫಿಯೋರ್ಡ್‌ಲ್ಯಾಂಡ್ ಪ್ರದೇಶದಲ್ಲಿ ಸುರಿದ ಭಾರಿ ಮಳೆಗೆ ಗುಡ್ಡ ಜರಿದು, ಒಳಗೆ ಚಾರಣಿಗರು ಇರುವಾಗಲೇ ಆ ಹಟ್‌ಗೆ ಬಡಿದಿತ್ತು. ಮುಂದೆ ಅದನ್ನು ತೆಗೆದೇಹಾಕಿದರು. ಇಲ್ಲದ ಮನೆಯಲ್ಲಿ ನಮಗೆ ಹಾಸಿಗೆ ಮಾರಿದ್ದರು! ಪಿಡಿಎಫ್‌ನಲ್ಲಿ ಬಂಕ್ ಸಂಖ್ಯೆ ಕೂಡ ಬರೆದಿತ್ತು. ಕೈಕಾಲು ತಣ್ಣಗಾದವು. ತಮ್ಮನಿಗೆ ಹೇಗೆ ಹೇಳುವುದು? ಅವರಿಬ್ಬರನ್ನೂ ಹುರಿದುಂಬಿಸಿ ಹೊರಡಿಸಿದವಳು ನಾನು. ಅವನು ಏನೂ ಅನ್ನಲಿಲ್ಲ, ಅದೇ ಹೆಚ್ಚು ನಾಚಿಕೆಯಾಯಿತು.

ಏಜೆಂಟರಿಗೆ ಸಂದೇಶ ಹಾಕಿದೆ. ಉತ್ತರ: "ಹಟ್ ಹೆಸರು ಬದಲಾಗುತ್ತಿರುತ್ತದೆ ಮೇಡಂ, ಟೆನ್ಶನ್ ಬೇಡ." ಹೆಸರು ಬದಲಾಗಿಲ್ಲ, ಹಟ್ಟೇ ಇಲ್ಲ ಎಂದೆ. "ಹಾಗಾದರೆ ಮೆಕೆಂಜಿಯಲ್ಲೇ ಇನ್ನೊಂದು ರಾತ್ರಿ ಇರಿ." ಇಲಾಖೆಯ ಬುಕಿಂಗ್ ಸಂಖ್ಯೆ ಕೊಡಿ ಎಂದೆ. "ಅದು ನಮ್ಮ ಆಂತರಿಕ ವಿಷಯ." ಮತ್ತೆ ಕೇಳಿದೆ, ಮರುದಿನವೂ ಕೇಳಿದೆ. ಕೊನೆಗೆ ಬಂದ ಉತ್ತರವನ್ನು ಇದ್ದದ್ದು ಇದ್ದಂತೆ ಬರೆಯುತ್ತೇನೆ: "ಅಲ್ಲಿಗೆ ಹೋಗಿ ರೇಂಜರ್ ಹತ್ತಿರ ರಿಕ್ವೆಸ್ಟ್ ಮಾಡಿ ಮೇಡಂ, ಮಳೆಯಲ್ಲಿ ಯಾರೂ ಆಚೆ ನಿಲ್ಲಿಸುವುದಿಲ್ಲ."

ಈ ಮಾತಿಗೆ ಈಗಲೂ ಮೈ ಉರಿಯುತ್ತದೆ. ಆ ಹಾದಿಯಲ್ಲಿ ನವೆಂಬರ್‌ನಿಂದ ಏಪ್ರಿಲ್ ಕೊನೆಯವರೆಗೆ ಪ್ರತಿ ಬಂಕ್ ಮೊದಲೇ ಕಾಯ್ದಿರಿಸಬೇಕು. ಬೇಸಿಗೆಯ ದಿನಗಳು ತಿಂಗಳುಗಟ್ಟಲೆ ಮುಂಚೆ ತುಂಬಿಹೋಗುತ್ತವೆ. ಗೊತ್ತುಮಾಡಿದ ಜಾಗ ಬಿಟ್ಟರೆ ಹಾದಿಯ 500 ಮೀಟರ್ ಒಳಗೆ ಡೇರೆ ಹಾಕುವಂತಿಲ್ಲ. ಫಾಲ್ಸ್‌ನಿಂದ ಮೆಕೆಂಜಿಗೆ ಹೋಗುವಾಗ ಸುಮಾರು 1,250 ಮೀಟರ್ ಎತ್ತರದ ಹ್ಯಾರಿಸ್ ಸ್ಯಾಡಲ್ ದಾಟಬೇಕು, ಅಲ್ಲಿ ಮರದ ಮರೆಯೂ ಇಲ್ಲ. ಹಾದಿ ಮುಗಿಯುವ ಕಡೆಯಿಂದ ಅಷ್ಟೇನೂ ದೂರವಿಲ್ಲದ ಮಿಲ್ಫರ್ಡ್ ಸೌಂಡ್‌ನಲ್ಲಿ ವರ್ಷಕ್ಕೆ ಆರು ಮೀಟರಿಗೂ ಹೆಚ್ಚು ಮಳೆ. "ಡಿಸೆಂಬರ್ ಅಲ್ಲಿ ಬೇಸಿಗೆ, ಮಳೆ ಇರುವುದಿಲ್ಲ" ಎಂದಿದ್ದವರೂ ಇವರೇ. ಗುಡ್ಡ ಜರಿದ ಫೆಬ್ರುವರಿಯೂ ಅಲ್ಲಿ ಬೇಸಿಗೆಯೇ ಅಲ್ಲವೇ? ಒದ್ದೆ ಬಟ್ಟೆಯಲ್ಲಿ, ಚಳಿಗಾಳಿಯಲ್ಲಿ, ಬಂಕ್ ಇಲ್ಲದೆ ಹೋಗಿ ಬೇಡಿಕೊಳ್ಳಿ ಎನ್ನುವುದು ಜೀವದ ಜೊತೆ ಆಟ.

ಇಷ್ಟೇ ಅಲ್ಲ. ನಡೆದು ಮುಗಿಸಿದ ಮೇಲೆ ಶುರುವಿನಲ್ಲಿ ನಿಲ್ಲಿಸಿದ ಕಾರಿಗೆ "ಟ್ಯಾಕ್ಸಿಯಲ್ಲಿ ಅರ್ಧ ಗಂಟೆ" ಎಂದಿದ್ದರು. ಹಾದಿ ಸುಮಾರು 33 ಕಿಲೋಮೀಟರ್, ನಿಜ. ಆದರೆ ಹಾದಿ ಶುರುವಾಗುವ ಗ್ಲೆನೋರ್ಕಿ ಕಡೆಯ ತುದಿಯಿಂದ ಅದು ಮುಗಿಯುವ ದಿ ಡಿವೈಡ್‌ಗೆ ರಸ್ತೆಯಲ್ಲಿ ಸುತ್ತಿ ಬರಲು 300 ಕಿಲೋಮೀಟರಿಗೂ ಹೆಚ್ಚು! ಆ ವಾಹನವನ್ನೂ ಮೊದಲೇ ಗೊತ್ತುಮಾಡಬೇಕು. ನಕ್ಷೆಯನ್ನು ಒಮ್ಮೆಯಾದರೂ ನೋಡಿದವರು ಅರ್ಧ ಗಂಟೆ ಎನ್ನುವುದಿಲ್ಲ.

ಇಲಾಖೆಗೆ ಇಮೇಲ್ ಬರೆದೆ. ನಮ್ಮ ಯಾರ ಹೆಸರಿನಲ್ಲೂ ಬುಕಿಂಗ್ ಇಲ್ಲ ಎಂದು ಉತ್ತರ ಬಂತು. ಅದನ್ನೇ ಏಜೆಂಟರಿಗೆ ಕಳುಹಿಸಿದೆ. "ಸರ್ವಿಸ್ ಚಾರ್ಜ್" ಮತ್ತು "ಕ್ಯಾನ್ಸಲೇಶನ್ ಚಾರ್ಜ್" ಎಂದು ಅರ್ಧ ಹಣ ಮುರಿದುಕೊಂಡು ಉಳಿದದ್ದನ್ನು ಹಾಕಿದರು. ಮಾಡದ ಬುಕಿಂಗ್ ರದ್ದುಮಾಡಲು ಶುಲ್ಕ! ಏನಿದು ಎಂದು ಕೇಳಿದ್ದಕ್ಕೆ "ನೀವೇ ಕ್ಯಾನ್ಸಲ್ ಮಾಡಿದ್ದು ಮೇಡಂ" ಎಂದು ಬರೆದು ನನ್ನ ನಂಬರನ್ನು ಬ್ಲಾಕ್ ಮಾಡಿದರು. ತಮ್ಮನದನ್ನೂ.

ಆ ಹಾದಿಯ ಬಂಕ್‌ಗಳನ್ನು ಇಲಾಖೆಯ ಜಾಲತಾಣದಲ್ಲಿ ನೀವೇ ನಿಮ್ಮ ಹೆಸರಿನಲ್ಲಿ ಕಾಯ್ದಿರಿಸಬಹುದು, ನಡುವೆ ಯಾರೂ ಬೇಕಾಗಿಲ್ಲ. ಏಜೆಂಟರೇ ಬೇಕೆಂದಿದ್ದರೆ ಹಣಕ್ಕೆ ಮುಂಚೆ ಬುಕಿಂಗ್ ಸಂಖ್ಯೆ ಕೇಳಿ, ಅದನ್ನು ಇಲಾಖೆಗೇ ಬರೆದು ಖಚಿತಪಡಿಸಿಕೊಳ್ಳಿ. ನಯವಾದ ಮಾತಿಗೆ, ಬಣ್ಣದ ಕಾಗದಕ್ಕೆ ಒಂದು ರೂಪಾಯಿಯೂ ಬೇಡ.

ಬ್ಯಾಂಕಿಗೂ ಪೊಲೀಸರಿಗೂ ದೂರು ಕೊಟ್ಟಿದ್ದೇನೆ, ಇನ್ನೂ ಏನೂ ಆಗಿಲ್ಲ. ಆ ಏಜೆಂಟರು ಈ ಸಲವೂ ಹೌಡನ್ ಹಟ್ ಸೇರಿಸಿದ ಅದೇ ಪಟ್ಟಿಯನ್ನು ಕಳುಹಿಸುತ್ತಿದ್ದಾರೆ ಎಂದು ಪರಿಚಯದವರೊಬ್ಬರು ನಿನ್ನೆ ತೋರಿಸಿದರು. ಅಂಥ ಪಟ್ಟಿ ನಿಮ್ಮ ಕೈಗೆ ಬಂದು ಈಗಾಗಲೇ ಹಣ ಕೊಟ್ಟಿದ್ದರೆ ಇವತ್ತೇ ಬ್ಯಾಂಕಿಗೆ ಹೋಗಿ, ಏಜೆಂಟರ ಉತ್ತರಕ್ಕೆ ಕಾಯಬೇಡಿ.